ಫ್ಲಶಿಂಗ್‌ನ ಮೂರು ಸಿಚುವಾನ್ ಹೋಟೆಲ್: ಎಲ್ಲಿ ಏನು ತಿನ್ನಬೇಕು

ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆ ಮಾಡುವ ಮೂರು ಹೋಟೆಲುಗಳಲ್ಲಿ ತಿಂದು ನೋಡಿದೆ. ಪೂರ್ತಿ ಓದಲು ಪುರಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೀನು ತಿನ್ನಬೇಕಾದರೆ ಆ ದೊಡ್ಡ ಕ್ಯೂ ಇರುವ ಹೋಟೆಲಿಗೇ ಹೋಗಿ, ಕಾದದ್ದು ದಂಡ ಆಗುವುದಿಲ್ಲ. ಮಾಪೊ ತೋಫು, ಅಂದರೆ ಖಾರದ ಗ್ರೇವಿಯಲ್ಲಿ ಮಾಡಿದ ಸೋಯಾ ಪನೀರ್, ಬೇಕಾದರೆ ನೆಲಮಾಳಿಗೆಯ ಅಂಗಡಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅಥವಾ ಜೊತೆಯಲ್ಲಿ ಮಾಂಸ ಮುಟ್ಟದವರು ಒಬ್ಬರಿದ್ದಾರೆ ಅಂದರೆ ಮೂರನೆಯದು, ಹಳೇ ಹೋಟೆಲ್. ಈ ಮೂರನ್ನೂ ಒಂದೇ ಸೂರಿನಡಿ ಚೆನ್ನಾಗಿ ಮಾಡುವ ಜಾಗ ನನಗಿನ್ನೂ ಸಿಕ್ಕಿಲ್ಲ.

ಜಾಗ ಗೊತ್ತಿಲ್ಲದವರಿಗೆ: ಇದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಫ್ಲಶಿಂಗ್. 7ನೇ ನಂಬರ್ ರೈಲಿನ ಕೊನೆಯ ನಿಲ್ದಾಣ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಮೇನ್ ಸ್ಟ್ರೀಟ್ ಮತ್ತು ರೂಸ್‌ವೆಲ್ಟ್ ಅವೆನ್ಯೂ ಕೂಡುವ ಮೂಲೆ. ಶನಿವಾರ ಸಂಜೆ ಅಲ್ಲಿ ನಿಂತರೆ ನಮ್ಮ ಚಿಕ್ಕಪೇಟೆ ನೆನಪಾಗುತ್ತದೆ, ಅಷ್ಟು ಜನ. ಇಲ್ಲಿಗೆ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನಕ್ಕೆ ಬರುತ್ತಾರೆ. 1977ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ ಅದು. ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ವಾಪಸ್ ರೈಲು ಹತ್ತುತ್ತಾರೆ. ನಾನೂ ಎರಡು ವರ್ಷ ಹಾಗೇ ಮಾಡಿದೆ. ದೇವಸ್ಥಾನದಿಂದ ಇಪ್ಪತ್ತು ನಿಮಿಷ ನಡೆದರೆ ಎಂಥ ಊಟ ಇದೆ ಅಂತ ಗೊತ್ತಾದದ್ದು ಆಮೇಲೆ.

ಹೋಟೆಲುಗಳ ಹೆಸರು ಹಾಕುತ್ತಿಲ್ಲ. ಒಂದೆರಡು ದೂರುಗಳಿವೆ, ಮತ್ತೆ ಇಲ್ಲಿ ಅಡುಗೆಯವರು ಬದಲಾದ ಹಾಗೆ ರುಚಿಯೂ ಬದಲಾಗುತ್ತದೆ. ನಾನು ಏನು ನೋಡಿದೆ, ಹೇಗೆ ತೂಗಿದೆ ಅಂತ ಹೇಳುತ್ತೇನೆ. ನೀವು ಯಾವ ಊರಿನ ಯಾವ ಸಿಚುವಾನ್ ಹೋಟೆಲಿನಲ್ಲಿ ಕೂತರೂ ಅದು ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಬೆಂಗಳೂರಿನಲ್ಲಿ ನಾವು ತಿಂದು ಬೆಳೆದ ಶೆಜ್ವಾನ್ ಫ್ರೈಡ್ ರೈಸ್‌ಗೂ ಇದಕ್ಕೂ ಹೆಸರೊಂದೇ ನಂಟು. ಅಲ್ಲಿನ ಶೆಜ್ವಾನ್ ಅಂದರೆ ಒಣಮೆಣಸು, ಬೆಳ್ಳುಳ್ಳಿ, ವಿನೆಗರ್ ಹಾಕಿ ಎಣ್ಣೆಯಲ್ಲಿ ಬಾಡಿಸಿದ ಕೆಂಪು ಚಟ್ನಿ. ಅದು ನನಗೆ ಇವತ್ತಿಗೂ ಇಷ್ಟ. ಆದರೆ ಸಿಚುವಾನ್ ಅಡುಗೆಯ ಜೀವ ಇರುವುದು ಮೆಣಸಿನಲ್ಲಲ್ಲ. ಅವರು ಹೇಳುವುದು ‘ಮಾ ಲಾ’ ಅಂತ. ಲಾ ಅಂದರೆ ಖಾರ. ಮಾ ಅಂದರೆ ಜುಮ್ಮೆನ್ನುವುದು, ತುಟಿ ನಾಲಿಗೆ ಮರಗಟ್ಟುವುದು. ಲಾ ಬರುವುದು ಮೆಣಸಿನಕಾಯಿಯಿಂದ. ಅದು ನಮ್ಮ ಕಡೆಗೆ ಬಂದ ಹಾಗೆ ಅವರ ಕಡೆಗೂ ಅಮೆರಿಕ ಖಂಡಗಳ ಕಡೆಯಿಂದ ಹಡಗಿನಲ್ಲಿ ಬಂದದ್ದು. ಮಾ ಬರುವುದು ಹ್ವಾಜಿಯಾವ್ ಅನ್ನುವ ಕಾಯಿಯಿಂದ. ಅದು ಅವರ ಸ್ವಂತದ್ದು, ಮೆಣಸಿನಕಾಯಿಗಿಂತ ಎಷ್ಟೋ ಹಳೆಯದು.

ಖಾರ ಮಾಡುವುದು ಯಾರಿಗಾದರೂ ಬರುತ್ತದೆ. ಮಾ ಸರಿಯಾಗಿ ಕೂರಿಸುವುದು ಕಷ್ಟ. ಆದ್ದರಿಂದ ನಾನು ಮೂರೂ ಕಡೆ ಮುಖ್ಯವಾಗಿ ಹುಡುಕಿದ್ದು ಅದನ್ನೇ. ಒಂದೊಂದು ಕಡೆ ಎರಡೆರಡು ಸಲ ಹೋದೆ, ಅವೇ ಮೂರು ಪದಾರ್ಥ ತರಿಸಿದೆ: ಮಾಪೊ ತೋಫು, ಶ್ವೆ ಜೂ ಯೂ ಅನ್ನುವ ಮೀನು, ಯೂಶ್ಯಾಂಗ್ ಬದನೆಕಾಯಿ. ಎರಡನೇ ಸುತ್ತಿನಲ್ಲಿ ಊರಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. ನಮ್ಮದು ಕುಮಟಾ ಕಡೆ. ಮೀನಿನ ವಿಷಯದಲ್ಲಿ ಅಮ್ಮನಿಗೆ ಸುಮ್ನೆ ಏನೋ ಹೇಳಿ ಒಪ್ಪಿಸೋಕೆ ಆಗುವುದಿಲ್ಲ.

ಕ್ಯೂ ಹೋಟೆಲಿನಿಂದ ಶುರು ಮಾಡುತ್ತೇನೆ. ಶನಿವಾರ ಸಂಜೆ ಆರೂವರೆಗೆ ಹೋಗಿ ನಂಬರ್ ಚೀಟಿ ತಗೊಂಡೆವು, ಕೂರಲು ಜಾಗ ಸಿಕ್ಕಿದ್ದು ಎಂಟು ಗಂಟೆಗೆ. ಒಳಗೆ ಬಿದಿರು, ಸಣ್ಣ ಕಾರಂಜಿ, ಎಲ್ಲರ ಕೈಯಲ್ಲೂ ಫೋನ್. ಮೀನಿಗೆ ನಲವತ್ತು ಡಾಲರ್ ಹತ್ತಿರ. ಮೇಲೆ ತೆರಿಗೆ, ಟಿಪ್ ಸೇರಿದರೆ ಮೂರು ಜನಕ್ಕೆ ನೂರು ದಾಟುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ಆ ಮೀನನ್ನು ಹೊಗಳದೆ ಇರಲಾರೆ.

ಶ್ವೆ ಜೂ ಯೂ ಅಂದರೆ ಅಕ್ಷರಶಃ ನೀರಿನಲ್ಲಿ ಬೇಯಿಸಿದ ಮೀನು. ಹೆಸರು ಕೇಳಿದರೆ ಸಪ್ಪೆ ಅನ್ನಿಸುತ್ತದೆ. ಮೀನನ್ನು ತೆಳ್ಳಗೆ ಹೆಚ್ಚಿ, ಮೊಟ್ಟೆಯ ಬಿಳಿ ಮತ್ತು ಸ್ಟಾರ್ಚ್ ಸವರಿ, ಖಾರದ ಸಾರಿನಲ್ಲಿ ಒಂದೆರಡು ನಿಮಿಷ ಅಷ್ಟೇ ಬೇಯಿಸುತ್ತಾರೆ. ತಳದಲ್ಲಿ ಮೊಳಕೆ ಕಾಳು. ಮೇಲೆ ರಾಶಿ ಒಣಮೆಣಸು, ಹ್ವಾಜಿಯಾವ್. ಕೊನೆಗೆ ಚೆನ್ನಾಗಿ ಕಾಯಿಸಿದ ಎಣ್ಣೆ ಸುರಿಯುತ್ತಾರೆ. ನಮ್ಮ ಒಗ್ಗರಣೆಯೇ, ಅಳತೆ ಮಾತ್ರ ಹತ್ತು ಪಟ್ಟು. ಈ ಹೋಟೆಲಿನಲ್ಲಿ ಆ ಎಣ್ಣೆಯನ್ನು ಟೇಬಲ್ಲಿಗೆ ತಂದು ಕಣ್ಣೆದುರೇ ಸುರಿದರು. ಚುರ್ ಅಂತ ಸದ್ದು, ಆಮೇಲೆ ಒಂದು ವಾಸನೆ ಎದ್ದಿತು ನೋಡಿ, ನಿಂಬೆ ಸಿಪ್ಪೆ ಮತ್ತು ಹುರಿದ ಮೆಣಸು ಎರಡೂ ಒಟ್ಟಿಗೆ. ಅಮ್ಮ ಮಾತು ನಿಲ್ಲಿಸಿ ಬೋಗುಣಿಯ ಕಡೆ ಬಗ್ಗಿದರು. ಮೀನಿನ ಹೋಳು ಚಾಪ್‌ಸ್ಟಿಕ್‌ನಲ್ಲಿ ಎತ್ತಿದರೆ ಬಾಗುತ್ತದೆ, ಮುರಿಯುವುದಿಲ್ಲ. ನಾಲಿಗೆ ಮೇಲಿಟ್ಟರೆ ಬಿಡಿಸಿಕೊಳ್ಳುತ್ತದೆ. ಅದು ತೊಟ್ಟಿಯಿಂದ ಅವತ್ತೇ ತೆಗೆದ ಮೀನು. ಒಂದೇ ತುತ್ತಿಗೆ ಅಮ್ಮ ಅದನ್ನು ಹೇಳಿದರು, ಕೇಳಿದಾಗ ಹೋಟೆಲಿನವರೂ ಹೌದು ಅಂದರು. ಒಂದು ಮಾತು: ಆ ಎಣ್ಣೆ ಸಾರನ್ನು ಕುಡಿಯಬೇಡಿ, ಅನ್ನಕ್ಕೂ ಸುರಿದುಕೊಳ್ಳಬೇಡಿ. ಅದು ಮೀನಿಗೆ ರುಚಿ ಹತ್ತಿಸುವುದಕ್ಕೆ ಇರುವುದು. ಗೊತ್ತಿಲ್ಲದೆ ಬಟ್ಟಲಿಗೆ ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡವರನ್ನು ನೋಡಿದ್ದೇನೆ.

ಅದೇ ಹೋಟೆಲಿನ ಮಾಪೊ ತೋಫು ಮಾತ್ರ ಬೇಜಾರು ಮಾಡಿತು. ಬಣ್ಣ ಚೆನ್ನಾಗಿತ್ತು. ತಿಂದರೆ ಸಿಹಿ ಸಿಹಿ, ಗ್ರೇವಿ ಗಟ್ಟಿ, ಮಾ ಇಲ್ಲವೇ ಇಲ್ಲ. ಎಲ್ಲರಿಗೂ ಹಿಡಿಸಲಿ ಅಂತ ತಗ್ಗಿಸಿದ್ದಾರೆ ಅಂತ ನನ್ನ ಅನಿಸಿಕೆ. ಎರಡನೇ ಸಲ ‘ಮಾ ಜಾಸ್ತಿ ಇರಲಿ’ ಅಂತ ಕೇಳಿಕೊಂಡೆವು, ಬಂದದ್ದು ಖಾರ ಜಾಸ್ತಿ. ಇನ್ನೊಂದು, ನಾವು ತಿನ್ನುತ್ತಿರುವಾಗಲೇ ಬಿಲ್ಲು ತಂದು ಇಟ್ಟು, ಎರಡು ಸಲ ಬಂದು ಮುಗಿಯಿತೇ ಅಂತ ಕೇಳಿದರು. ಹೊರಗೆ ಜನ ನಿಂತಿದ್ದಾರೆ, ಅರ್ಥವಾಗುತ್ತದೆ. ಆದರೆ ಅರವತ್ತೆಂಟು ವರ್ಷದ ಅಮ್ಮ ಅವಸರದಲ್ಲಿ ತಟ್ಟೆ ಖಾಲಿ ಮಾಡುವುದನ್ನು ನೋಡಿ ನನಗೆ ನಿಜವಾಗಿ ಬೇಸರವಾಯಿತು.

ನೆಲಮಾಳಿಗೆಯ ಅಂಗಡಿಗೆ ಕ್ಯೂ ಇಲ್ಲ, ಅಲಂಕಾರವೂ ಇಲ್ಲ. ಫ್ಲಶಿಂಗ್‌ನಲ್ಲಿ ಇಂಥ ಫುಡ್ ಕೋರ್ಟ್‌ಗಳು ಹಲವು ಇವೆ. ನೆಲದ ಕೆಳಗೆ ಸಾಲು ಸಾಲು ಗೂಡಂಗಡಿಗಳು, ಒಂದೊಂದೂ ಒಂದೊಂದು ಪ್ರಾಂತ್ಯದ ಅಡುಗೆ. ನಾನು ಹೇಳುವ ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಂಡತಿ ಬಾಣಲೆ ಹತ್ತಿರ, ಗಂಡ ದುಡ್ಡಿನ ಹತ್ತಿರ. ಟಿಪ್ ಇಲ್ಲ. ಹದಿನೈದು ಡಾಲರ್ ಒಳಗೆ ಊಟ ಮುಗಿಯುತ್ತದೆ.

ಆಯಮ್ಮ ಮಾಪೊ ತೋಫು ಮಾಡುವುದನ್ನು ಹತ್ತಿರದಿಂದ ನೋಡಿದೆ. ಎಣ್ಣೆಯಲ್ಲಿ ಮೊದಲು ದೋಬಾನ್ ಹಾಕಿದರು. ಅದು ಬ್ರಾಡ್ ಬೀನ್ಸ್ ಮತ್ತು ಮೆಣಸಿನಕಾಯಿ ಹುಳಿ ಬರಿಸಿದ ಉಂಡೆ ಉಂಡೆ ಮಸಾಲೆ, ಸಿಚುವಾನ್‌ನ ರಾಜಧಾನಿ ಚೆಂಗ್ಡು ಹತ್ತಿರದ ಪಿಶಿಯನ್‌ನದು ಹೆಸರುವಾಸಿ. ಎಣ್ಣೆ ಕೆಂಪಾಗುವ ತನಕ ಬಿಟ್ಟರು. ಆಮೇಲೆ ತೋಫು. ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ್ಳುತ್ತಾರೆ ಹೊರತು ತಿರುವುವುದಿಲ್ಲ, ತಿರುವಿದರೆ ಒಡೆಯುತ್ತದೆ. ಸ್ಟಾರ್ಚ್ ನೀರನ್ನು ಒಂದೇ ಸಲ ಹಾಕದೆ ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿದರು. ಪ್ಲೇಟಿಗೆ ಸುರಿದ ಮೇಲೆ ಸಣ್ಣ ಸ್ಟೀಲ್ ಡಬ್ಬಿ ತೆಗೆದು, ಕಂದು ಪುಡಿಯನ್ನು ಬೆರಳ ತುದಿಯಲ್ಲಿ ಹಿಡಿದು ಮೇಲೆ ಉದುರಿಸಿದರು. ಅದೇ ಹ್ವಾಜಿಯಾವ್. ಪ್ಲೇಟು ನನ್ನ ಕೈಗೆ ಬರುವಾಗ ತೋಫು ಇನ್ನೂ ನಡುಗುತ್ತಿತ್ತು.

ಎರಡು ಚಮಚ ತಿನ್ನುವಷ್ಟರಲ್ಲಿ ತುಟಿ ಜುಮುಜುಮು ಅಂದಿತು. ಉರಿಯಲ್ಲ ಅದು, ಸಣ್ಣಗೆ ಅದುರಿದ ಹಾಗೆ. 2013ರಲ್ಲಿ ಲಂಡನ್‌ನ ವಿಜ್ಞಾನಿಗಳು ಇದನ್ನು ಅಳೆದಿದ್ದಾರೆ. ಹ್ವಾಜಿಯಾವ್ ಸವರಿದ ತುಟಿಯ ಅದುರು ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿದ ಹಾಗೆ ತೋರುತ್ತದಂತೆ. ಆಮೇಲೆ ನೀರು ಕುಡಿದರೆ ನೀರೂ ಬೇರೆ ರುಚಿ. ಆ ಜುಮ್ಮು ಬಂದ ಮೇಲೆ ಖಾರ ಅಷ್ಟಾಗಿ ಚುಚ್ಚುವುದಿಲ್ಲ. ಹೀಗಾಗಿಯೇ ಇನ್ನೊಂದು ಚಮಚ, ಮತ್ತೊಂದು ಚಮಚ ಅಂತ ಕೈ ಹೋಗುತ್ತದೆ. ಮಾಪೊ ತೋಫು ಹುಟ್ಟಿದ್ದು ಚೆಂಗ್ಡುವಿನಲ್ಲಿ, 1862ರ ಸುಮಾರಿಗೆ, ಮುಖದಲ್ಲಿ ಸಿಡುಬಿನ ಕಲೆ ಇದ್ದ ಚೆನ್ ಮನೆತನದ ಹೆಂಗಸಿನ ಅಂಗಡಿಯಲ್ಲಿ ಅಂತ ಹೇಳುತ್ತಾರೆ. ಮಾಪೊ ಅಂದರೆ ಕಲೆ ಮುಖದ ಅಜ್ಜಿ. ಆ ‘ಮಾ’ಗೂ ಜುಮ್ಮಿನ ‘ಮಾ’ಗೂ ಚೀನಿಯಲ್ಲಿ ಬರೆಯುವ ಅಕ್ಷರ ಒಂದೇ.

ಅಮ್ಮ ಎರಡನೇ ಚಮಚಕ್ಕೆ ತಲೆಯೆತ್ತಿ ಕೇಳಿದರು, “ಇದು ನಮ್ಮ ಜುಮ್ಮನಕಾಯಿ ಅಲ್ವಾ?”

ಹೌದು, ಹತ್ತಿರದ ಸಂಬಂಧಿ. ನಮ್ಮ ಕರಾವಳಿಯಲ್ಲಿ ಬಂಗುಡೆ ಸಾರಿಗೆ ಜಜ್ಜಿ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತಿರ್ಫಳ, ಇದೇ ಕುಲದ ಇನ್ನೊಂದು ಗಿಡದ್ದು. ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದವು. ಅಮೆರಿಕದಲ್ಲಿ 1968ರಿಂದ 2005ರವರೆಗೆ ಹ್ವಾಜಿಯಾವ್ ತರಿಸುವುದಕ್ಕೇ ನಿಷೇಧ ಇದ್ದದ್ದು ಇದೇ ಕಾರಣಕ್ಕೆ, ನಿಂಬೆ ಕಿತ್ತಳೆ ತೋಟಗಳಿಗೆ ಕಜ್ಜಿ ರೋಗ ತಗುಲೀತು ಅಂತ. ಆಮೇಲೆ ಬಿಸಿ ಮಾಡಿದ ಮಾಲಿಗೆ ಒಪ್ಪಿಗೆ ಸಿಕ್ಕಿತು. ಆ ಕಾಲದ ಎಷ್ಟೋ ಹೋಟೆಲುಗಳ ಸಿಚುವಾನ್ ಊಟ ಬರೀ ಖಾರ ಆಗಿದ್ದರೆ ಆಶ್ಚರ್ಯವಿಲ್ಲ.

ನನಗೆ ಹೊಸ ಅಳತೆಗೋಲು ಕೊಟ್ಟವರೂ ಅಮ್ಮನೇ. ಜುಮ್ಮನಕಾಯಿ ಬಳಸುವವರಿಗೆ ಗೊತ್ತು, ರುಚಿ ಇರುವುದು ಸಿಪ್ಪೆಯಲ್ಲಿ, ಒಳಗಿನ ಕಪ್ಪು ಬೀಜ ತೆಗೆದು ಎಸೆಯಬೇಕು. ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ಹ್ವಾಜಿಯಾವ್‌ಗೂ ಅದೇ ನಿಯಮ. ನೆಲಮಾಳಿಗೆಯ ಪ್ಲೇಟಿನಲ್ಲಿ ಅಮ್ಮ ಚಮಚದ ತುದಿಯಿಂದ ಕೆದಕಿ ನೋಡಿದರು, ಒಂದೂ ಬೀಜ ಇಲ್ಲ. ಕ್ಯೂ ಹೋಟೆಲಿನ ಮೀನಿನಲ್ಲಿ ಹಸಿರು ಹ್ವಾಜಿಯಾವ್ ಇಡೀ ಗೊಂಚಲೇ ಇತ್ತು, ಅದು ಪರಿಮಳಕ್ಕೆ, ಬದಿಗೆ ಸರಿಸಬಹುದು. ಹಳೇ ಹೋಟೆಲಿನಲ್ಲಿ ಮಾತ್ರ ಹಲ್ಲಿಗೆ ಕರಕ್ ಅಂದಿತು.

ಈ ನೆಲಮಾಳಿಗೆಯಲ್ಲಿ ಮೀನು ತರಿಸಬೇಡಿ. ಫ್ರೋಜನ್ ಮೀನು, ಮೇಲೆ ಹಿಟ್ಟು ಜಾಸ್ತಿ, ಬಾಯಲ್ಲಿ ಒದ್ದೆ ಬ್ರೆಡ್ ತಿಂದ ಹಾಗೆ. ಬದನೆಕಾಯಿ ಪರವಾಗಿಲ್ಲ.

ಬದನೆಕಾಯಿ ತಿನ್ನಬೇಕಾದದ್ದು ಹಳೇ ಹೋಟೆಲಿನಲ್ಲಿ. ಯೂಶ್ಯಾಂಗ್ ಅಂದರೆ ಮೀನಿನ ಘಮ ಅಂತ ಅರ್ಥ, ಆದರೆ ಅದರಲ್ಲಿ ಮೀನು ಇರುವುದಿಲ್ಲ. ಮೀನಿನ ಅಡುಗೆಗೆ ಬಳಸುವ ಉಪ್ಪಿನಕಾಯಿ ಮೆಣಸು, ಶುಂಠಿ, ಬೆಳ್ಳುಳ್ಳಿ, ವಿನೆಗರ್, ಸಕ್ಕರೆಯನ್ನೇ ಇಲ್ಲೂ ಹಾಕುವುದರಿಂದ ಆ ಹೆಸರು. ಸಿಹಿ, ಹುಳಿ, ಖಾರ ಮೂರೂ ಒಂದರ ಹಿಂದೆ ಒಂದು ಬರುತ್ತವೆ. ನಮ್ಮ ಮೆಣಸಿನಕಾಯಿ ಗೊಜ್ಜು ಇಷ್ಟಪಡುವವರಿಗೆ ಇದು ತಕ್ಷಣ ಹಿಡಿಸುತ್ತದೆ. ಹೊರಗೆ ಹೊಳೆಯುವ ನೇರಳೆ ಸಿಪ್ಪೆ, ಒಳಗೆ ಬೆಣ್ಣೆ. ಎರಡು ಸಲವೂ ಅಷ್ಟೇ ಚೆನ್ನಾಗಿತ್ತು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಗಮನ ಕೊಡಿ. ಮಾಪೊ ತೋಫು ಅಂದರೆ ಬರೀ ತೋಫು ಅಲ್ಲ, ಮೂಲದಲ್ಲಿ ಅದಕ್ಕೆ ದನದ ಮಾಂಸದ ಕೈಮಾ ಹಾಕುತ್ತಾರೆ, ಕೆಲವು ಕಡೆ ಹಂದಿಯದು. ಹುರಿದ ಬೀನ್ಸ್ ಅಂತ ಪಟ್ಟಿಯಲ್ಲಿ ಇದ್ದರೂ ಅದರ ಮೇಲೆ ಹಂದಿ ಮಾಂಸದ ಚೂರು ಉದುರಿಸುವುದು ಮಾಮೂಲು. ಬದನೆಕಾಯಿಗೂ ಕೆಲವರು ಹಾಕುತ್ತಾರೆ. ‘ವೋ ಚಿ ಸು’ ಅಂದರೆ ನಾನು ಸಸ್ಯಾಹಾರಿ ಅಂತ, ‘ಬು ಯಾವ್ ರೋ’ ಅಂದರೆ ಮಾಂಸ ಬೇಡ ಅಂತ. ಎರಡನ್ನೂ ಹೇಳಿ. ಹಳೇ ಹೋಟೆಲಿನಲ್ಲಿ ವಯಸ್ಸಾದ ಒಬ್ಬ ವೇಟರ್ ನಾವು ಹೇಳಿದ್ದನ್ನು ಬರೆದುಕೊಂಡು, ಒಳಗೆ ಹೋಗಿ ವಿಚಾರಿಸಿ, ಸಾರಿನಲ್ಲಿ ಕೋಳಿ ಇದೆ ಅಂತ ತಾವಾಗಿಯೇ ಬಂದು ಹೇಳಿದರು. ಆ ಕಾಳಜಿ ಬೇರೆಲ್ಲೂ ಕಾಣಲಿಲ್ಲ. ಗುಂಡನೆಯ ಮೇಜು, ತಿರುಗುವ ಹಲಗೆ, ಮಾತಾಡಿದರೆ ಕೇಳಿಸುವಷ್ಟು ಶಾಂತಿ. ಆದರೆ ಅಲ್ಲಿನ ಮಾಪೊದಲ್ಲಿ ಮಾ ಸತ್ತುಹೋಗಿದೆ. ಹ್ವಾಜಿಯಾವ್ ಹಳೆಯದಾದರೆ ಘಮ ಹೋಗಿ ಬರೀ ಕಹಿ ಉಳಿಯುತ್ತದೆ, ಅಲ್ಲಿ ಆಗಿರುವುದು ಅದೇ. ಮೀನು ತಾಜಾ, ಎಣ್ಣೆ ಸಾಕಷ್ಟು ಕಾಯಿಸಿರಲಿಲ್ಲ, ಮೆಣಸು ಹಸಿಹಸಿ.

ಅಮ್ಮ ವಾಪಸ್ ಹೋಗುವ ಮೊದಲು ಮೇನ್ ಸ್ಟ್ರೀಟಿನ ಅಂಗಡಿಯಲ್ಲಿ ಒಂದು ಪೊಟ್ಟಣ ಕೆಂಪು ಹ್ವಾಜಿಯಾವ್ ಕೊಂಡೆವು. ಬಾಯಿ ಬಿರಿದ ಸಿಪ್ಪೆಗಳೇ ಜಾಸ್ತಿ, ಬೀಜ ಕಡಿಮೆ ಇರುವುದನ್ನು ಆರಿಸಿದ್ದು ಅವರೇ. ಅದೇ 7ನೇ ರೈಲಿನಲ್ಲಿ ಜಾಕ್ಸನ್ ಹೈಟ್ಸ್‌ನಲ್ಲಿ ಇಳಿದು ಫ್ರೋಜನ್ ಬಂಗುಡೆ ತಂದೆವು. ಮನೆಯಲ್ಲಿ ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ರುಬ್ಬಿ, ಜುಮ್ಮನಕಾಯಿ ಹಾಕುವ ಕಡೆ ಎಂಟು ಹ್ವಾಜಿಯಾವ್ ಜಜ್ಜಿ ಹಾಕಿದರು. ಘಮ ಹೂವಿನ ಕಡೆಗೆ ವಾಲಿತು, ನಮ್ಮದರಲ್ಲಿರುವ ಕಾಡಿನ ವಾಸನೆ ಇರಲಿಲ್ಲ. ಜುಮ್ಮು ಮಾತ್ರ ನಮ್ಮದಕ್ಕಿಂತ ಜೋರು. ಅಮ್ಮ ಅನ್ನ ಕಲಸಿಕೊಂಡು ಒಂದು ತುತ್ತು ತಿಂದು, “ಆರು ಸಾಕಿತ್ತು” ಅಂದರು.