ಎಲ್‌ಎಲ್ ಪರೀಕ್ಷೆಗೆ ಥಿಯರಿ ಕ್ಲಾಸು: ಕಲಬುರಗಿಯ ಒಂದು ಡ್ರೈವಿಂಗ್ ಸ್ಕೂಲ್ ಬಗ್ಗೆ

ಲರ್ನರ್ಸ್ ಲೈಸೆನ್ಸ್ (ಎಲ್‌ಎಲ್, ಗಾಡಿ ಕಲಿಯೋಕೆ ಮೊದಲು ತಗೊಳ್ಳೋ ಲೈಸೆನ್ಸ್) ಪರೀಕ್ಷೆಗೆ ಕ್ಲಾಸು ಬೇರೆ ಬೇಕಾ, ಸುಮ್ನೆ ದುಡ್ಡು ದಂಡ ಅಂತ ನಮ್ಮ ಕಲಬುರಗಿಯಲ್ಲಿ ಬಹಳ ಜನ ಹೇಳುತ್ತಾರೆ. ನಾನೂ ನನ್ನ ನೆಗೆಣ್ಣಿಯೂ ರಿಂಗ್ ರೋಡ್ ಕಡೆಯ ಒಂದು ಸಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಥಿಯರಿ ಕ್ಲಾಸಿಗೆ ಸೇರಿ, ಸ್ಕೂಟಿ ಮತ್ತು ಕಾರು ಎರಡಕ್ಕೂ ಎಲ್‌ಎಲ್ ಬರೆದು ಪಾಸಾದೆವು. ದುಡ್ಡು ದಂಡ ಆಗಲಿಲ್ಲ. ಅವರ ಕಾರ್ ತರಬೇತಿಗಿಂತ ಥಿಯರಿ ಕ್ಲಾಸೇ ನನಗೆ ಹಿಡಿಸಿತು. ಸ್ಕೂಲಿನ ಹೆಸರು ಬರೆಯುತ್ತಿಲ್ಲ. ಮೆಚ್ಚಿದ್ದರ ಜೊತೆಗೆ ದೂರೂ ಇದೆ. ಅಲ್ಲದೆ ನಿಮ್ಮ ಓಣಿ ಹತ್ತಿರದ ಸ್ಕೂಲಿಗೆ ಹೋದಾಗ ಏನೇನು ಕೇಳಬೇಕು ಅನ್ನೋದು ಗೊತ್ತಾದರೆ ನಿಮಗೆ ಅದೇ ಜಾಸ್ತಿ ಉಪಯೋಗ.

ಇಲ್ಲಿಗೆ ಬರೋ ಮೊದಲು ಇನ್ನೊಂದು ಕಡೆ ವಿಚಾರಿಸಿದ್ದೆವು. ಅಲ್ಲಿ ಕ್ಲಾಸೇ ಇಲ್ಲ. ಪ್ರಶ್ನೆ, ಉತ್ತರ ಅಂತ ಮಸಕು ಮಸಕಾದ ಒಂದು ಜೆರಾಕ್ಸ್ ಕೈಗೆ ಕೊಟ್ಟರು. "ಇದೂ ಓದೋದು ಬ್ಯಾಡ್ರಿ ಮೇಡಂ, ಓಟಿಪಿ ಹೇಳ್ರಿ ಸಾಕು, ಉಳಿದದ್ದು ನಾವ್ ನೋಡ್ಕೋತೀವಿ" ಅಂದರು. ಆಧಾರ್ ಮೂಲಕ ಮನೆಯಿಂದಲೇ ಎಲ್‌ಎಲ್ ಪರೀಕ್ಷೆ ಬರೆಯೋ ಸೌಲಭ್ಯ ಸರ್ಕಾರ ಕೊಟ್ಟಿದೆ. ಆಫೀಸಿಗೆ ಅಲೆಯೋದು ತಪ್ಪಲಿ ಅಂತ ಕೊಟ್ಟದ್ದು ಅದು. ಅದನ್ನೇ ಹಿಡಿದುಕೊಂಡು ನಮ್ಮ ಬದಲು ಯಾರೋ ಕೂತು ಟಿಕ್ ಹಾಕಿದರೆ, ನಾಳೆ ಹುಮನಾಬಾದ್ ರೋಡಿನಲ್ಲಿ ಲಾರಿ ಎದುರಿಗೆ ಬಂದಾಗ ಆ ಯಾರೋ ಬರುತ್ತಾರಾ? ನನಗೆ ನಿಜವಾಗಿ ಸಿಟ್ಟು ಬಂತು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಇಷ್ಟಾದ ಮೇಲೂ ಪರೀಕ್ಷೆಯನ್ನು ಓಟಿಪಿ ಲೆಕ್ಕಕ್ಕೆ ಇಳಿಸೋದು ಸರಿಯಲ್ಲ.

ನಾವು ಸೇರಿದ ಸ್ಕೂಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗೋಡೆ. ಸೂಚನಾ ಫಲಕಗಳ ಚಾರ್ಟು, ಸಿಗ್ನಲ್ ಇಲ್ಲದ ಕಡೆ ಟ್ರಾಫಿಕ್ ಪೊಲೀಸರು ಕೈಯಿಂದ ಮಾಡೋ ಸನ್ನೆಗಳ ಚಾರ್ಟು, ಒಂದು ಕರಿಹಲಗೆ, ಮೇಜಿನ ಮೇಲೆ ರಸ್ತೆ ಬರೆದ ದೊಡ್ಡ ಬೋರ್ಡು, ಅದರ ಮೇಲೆ ಆಟಿಕೆ ಕಾರುಗಳು. ಇದೆಲ್ಲ ಅವರ ಔದಾರ್ಯ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಲೈಸೆನ್ಸ್ ಇರೋ ಪ್ರತಿ ಡ್ರೈವಿಂಗ್ ಸ್ಕೂಲಿನಲ್ಲೂ ಇವು ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬರೆದೇ ಇದೆ. ನೀವು ಫೀಸು ಕಟ್ಟೋ ಮೊದಲು ಒಮ್ಮೆ ಒಳಗೆ ಹೋಗಿ ಗೋಡೆ ನೋಡಿ. ಚಾರ್ಟು ಇದ್ದರೆ ಸಾಲದು, ಅದನ್ನು ಮುಟ್ಟಿ ಪಾಠ ಮಾಡುತ್ತಾರಾ ಅಂತ ಈಗಾಗಲೇ ಕಲಿಯುತ್ತಿರೋರನ್ನು ಕೇಳಿ.

ನಮಗೆ ಪಾಠ ಮಾಡಿದ ಸರ್ ಫಲಕಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸಲಿಲ್ಲ. ಮೊದಲು ಆಕಾರ. ದುಂಡಗಿದ್ದರೆ ಅದು ಆಜ್ಞೆ, ಮೀರಿದರೆ ದಂಡ. ತ್ರಿಕೋನ ಇದ್ದರೆ ಮುಂದೆ ತಿರುವೋ, ಶಾಲೆಯೋ, ಉಬ್ಬೋ ಇದೆ, ಹುಷಾರು ಅಂತ. ನೀಲಿ ಚೌಕ ಇದ್ದರೆ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಪಂಪ್ ಇಂಥವು. ಈ ಲೆಕ್ಕಕ್ಕೆ ಸಿಗದ ಎರಡು ಫಲಕ ಇವೆ. ಎಂಟು ಮೂಲೆಯದು 'ನಿಲ್ಲಿ', ತಲೆಕೆಳಗಾದ ತ್ರಿಕೋನ 'ದಾರಿ ಬಿಡಿ'. ಅವೆರಡಕ್ಕೇ ಯಾಕೆ ಬೇರೆ ಆಕಾರ ಅಂತ ನನ್ನ ನೆಗೆಣ್ಣಿ ಕೇಳಿದಳು. "ಬೋರ್ಡ್ ಧೂಳ್ ಹಿಡದಿರ್ತದ್ರಿ, ಬಣ್ಣ ಹೋಗಿರ್ತದ. ಆಕಾರ ಹೋಗಲ್ಲ. ಹಿಂದಿನಿಂದ ನೋಡಿದ್ರೂ ಗೊತ್ತಾಗ್ಬೇಕು" ಅಂದರು. ನಮ್ಮೂರಿನ ಧೂಳು ನೋಡಿದವರಿಗೆ ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ.

ನೋ ಪಾರ್ಕಿಂಗ್ ಮತ್ತು ನೋ ಸ್ಟಾಪಿಂಗ್ ಎರಡನ್ನೂ ಬಹಳ ಜನ ಒಂದೇ ಅಂದುಕೊಂಡಿರುತ್ತಾರೆ. ಎರಡೂ ನೀಲಿ ದುಂಡು, ಕೆಂಪು ಅಂಚು. ಒಂದೇ ಅಡ್ಡಗೆರೆ ಇದ್ದರೆ ಗಾಡಿ ನಿಲ್ಲಿಸಿಟ್ಟು ಹೋಗಬೇಡಿ ಅಂತ, ಎರಡು ಗೆರೆ ಕತ್ತರಿ ಹಾಕಿದ್ದರೆ ಒಂದು ನಿಮಿಷಕ್ಕೂ ನಿಲ್ಲಬೇಡಿ ಅಂತ. ಸರ್ ಇದಕ್ಕೆ ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಉದಾಹರಣೆ ಕೊಟ್ಟರು. ಅಂಗಡಿ ಮುಂದೆ ಒಬ್ಬರು ಎಂಜಿನ್ ಬಂದ್ ಮಾಡದೆ "ಎರಡೇ ನಿಮಿಷ" ಅಂತ ನಿಂತರೆ ಹಿಂದೆ ಆಟೊ, ಅದರ ಹಿಂದೆ ಸಿಟಿ ಬಸ್ಸು, ಕೊನೆಗೆ ಇಡೀ ರಸ್ತೆ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ಬೋರ್ಡಿನ ಮೇಲೆ ಆಟಿಕೆ ಕಾರು ಇಟ್ಟು ತೋರಿಸಿದರು. ಇದನ್ನು ನೋಡಿದ ಮೇಲೆ ಪರೀಕ್ಷೆಯಲ್ಲಿ ಆ ಫಲಕ ಬಂದಾಗ ಯೋಚನೆ ಮಾಡೋದೇ ಬೇಕಾಗಲಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಯಾರು ಯಾರಿಗೆ ದಾರಿ ಬಿಡಬೇಕು ಅನ್ನೋ ಪಾಠ. ನಮ್ಮಲ್ಲಿ ರೂಢಿ ಏನು? ದೊಡ್ಡ ಗಾಡಿ ಮೊದಲು, ಹಾರ್ನ್ ಜೋರಾಗಿ ಹೊಡೆದವನು ಅದಕ್ಕಿಂತ ಮೊದಲು. ನಿಯಮ ಹಾಗಿಲ್ಲ. 1989ರ ಹಳೆ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಿದೆ. ಅದರ ಪ್ರಕಾರ ಸಿಗ್ನಲ್ಲೂ ಪೊಲೀಸರೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರೋರಿಗೆ ದಾರಿ ಬಿಡಬೇಕು. ವೃತ್ತದಲ್ಲಿ ಆಗಲೇ ಒಳಗಿದ್ದು ಸುತ್ತುತ್ತಿರೋರಿಗೆ ಮೊದಲ ಹಕ್ಕು, ಹೊರಗಿನಿಂದ ನುಗ್ಗೋರಿಗಲ್ಲ. ಏರು ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡಬೇಕು. ಜೀಬ್ರಾ ಪಟ್ಟಿ ಮೇಲೆ ನಡೆಯೋರಿದ್ದರೆ ನಿಲ್ಲಲೇಬೇಕು. ಆಂಬ್ಯುಲೆನ್ಸಿಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ.

ಕ್ಲಾಸಿನಲ್ಲಿ ಸ್ವಲ್ಪ ವಯಸ್ಸಾದ ಒಬ್ಬ ಅಕ್ಕ ಇದ್ದರು. ಜೀಬ್ರಾ ಮಾತು ಬಂದಾಗ ಕೇಳಿದರು: "ಸರ್, ನಾ ನಿಂತ್ರ ಹಿಂದಿನಾಂವ ಬಂದು ಬಡದ್ರ ಏನ್ ಮಾಡ್ಲಿ?" ಈ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲ್ಲ, ಆದರೆ ರಸ್ತೆಗೆ ಇಳಿಯೋ ಪ್ರತಿಯೊಬ್ಬರ ಹೊಟ್ಟೆಯಲ್ಲೂ ಇರೋ ಭಯ ಇದೇ ಅಲ್ವಾ? ಸರ್ ನಗಲಿಲ್ಲ. "ಮೊದಲ ಕನ್ನಡಿ ನೋಡ್ರಿ ಅಕ್ಕೋರೆ. ದೂರದಾಗೇ ನಿಧಾನ ಮಾಡಕೋತ ಬರ್ರಿ, ನಿಮ್ ಬ್ರೇಕ್ ಲೈಟ್ ಅಂವಗ ಕಾಣ್ಲಿ. ದಬಕ್ಕನ ನಿಂದರಬ್ಯಾಡ್ರಿ" ಅಂದು, ಕನ್ನಡಿ, ಸೂಚನೆ, ಆಮೇಲೆ ಬ್ರೇಕು ಅನ್ನೋ ಕ್ರಮವನ್ನು ಅಲ್ಲೇ ಕುರ್ಚಿ ಮೇಲೆ ಕೂರಿಸಿ ಮಾಡಿಸಿದರು. ಇಂಥ ಮೇಷ್ಟ್ರು ಸಿಗೋದು ಅಪರೂಪ. ಬ್ಯಾಚಿನಲ್ಲಿ ಉರ್ದು ಮಾತಾಡೋ ಹೆಣ್ಣುಮಕ್ಕಳು ಕೆಲವರಿದ್ದರು, ಅವರಿಗೆ ಅದನ್ನೇ ತಿರುಗಿ ನಮ್ಮೂರ ಉರ್ದುವಿನಲ್ಲಿ ಹೇಳುತ್ತಿದ್ದರು, ಬೇಸರ ಮಾಡಿಕೊಳ್ಳದೆ.

ಇಂಡಿಕೇಟರ್ ಪಾಠವೂ ಹಾಗೇ. ಸೇಡಂ ರೋಡಿನಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಹೋದವರಿಗೆ ಗೊತ್ತು, ಮುಂದಿನ ಲಾರಿಯವರು ಬಲಗಡೆ ಇಂಡಿಕೇಟರ್ ಹಾಕಿ "ಹೋಗು, ದಾರಿ ಖಾಲಿ ಇದೆ" ಅಂತ ಹೇಳೋದುಂಟು. ನಿಯಮದಲ್ಲಿ ಬಲ ಇಂಡಿಕೇಟರ್ ಅಂದರೆ ನಾನು ಬಲಕ್ಕೆ ತಿರುಗುತ್ತೇನೆ ಅಥವಾ ಸರಿಯುತ್ತೇನೆ ಅಂತ ಮಾತ್ರ. ಅವರು ಯಾವ ಅರ್ಥದಲ್ಲಿ ಹಾಕಿದ್ದಾರೆ ಅಂತ ಹಿಂದಿನವರು ಊಹೆ ಮಾಡಿ ಮುನ್ನುಗ್ಗಿದರೆ ಜೀವಕ್ಕೇ ಕುತ್ತು. ಹಿಂದಿನವರಿಗೆ ದಾರಿ ಕೊಡಲು ಬಲಗೈ ಹೊರಗೆ ಚಾಚಿ ಹಿಂದೆ ಮುಂದೆ ಬೀಸೋ ಸನ್ನೆ ಬೇರೆಯೇ ಇದೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ಈ ಕೈಸನ್ನೆಗಳೆಲ್ಲ ಈಗ ಯಾತಕ್ಕೆ ಅಂತ ಹುಡುಗರು ಗೊಣಗುತ್ತಿದ್ದರು. ತೊಗರಿ ಸುಗ್ಗಿಯಲ್ಲಿ ಗಂಜ್ (ಕಾಳಿನ ಮಾರುಕಟ್ಟೆ) ಕಡೆ ಬರೋ ಎಷ್ಟೋ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಒಂದು ದೀಪವೂ ಉರಿಯಲ್ಲ. ಅಲ್ಲಿ ಡ್ರೈವರ್ ಕೈ ಒಂದೇ ಗತಿ.

ಕಾವಲಿಲ್ಲದ ರೈಲ್ವೆ ಗೇಟಿನ ಪಾಠವನ್ನೂ ಬಿಡಲಿಲ್ಲ. ಬ್ರಾಡ್‌ಗೇಜ್ (ಅಗಲ) ಹಳಿಗಳ ಮೇಲೆ ಅಂಥ ಗೇಟುಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ರೈಲ್ವೆಯವರು ತೆಗೆದುಹಾಕಿದ್ದಾರೆ. ಆದರೂ ಎಲ್‌ಎಲ್ ಪರೀಕ್ಷೆಯ ವಿಷಯಪಟ್ಟಿಯಲ್ಲಿ ಅದು ಇದೆ. ಗಾಡಿ ನಿಲ್ಲಿಸಿ, ಇಳಿದು, ಎರಡೂ ಕಡೆ ನೋಡಿ ದಾಟಬೇಕು ಅನ್ನೋದು ಉತ್ತರ. ವಾಡಿ, ಶಹಾಬಾದ್ ಕಡೆ ಮುಚ್ಚಿದ ಗೇಟಿನ ಕೆಳಗೆ ಬೈಕ್ ಓರೆ ಮಾಡಿ ನುಗ್ಗಿಸೋರಿಗೂ ಅದೇ ಪಾಠ ಬೇಕು.

ಇಡೀ ಕೋರ್ಸಿನಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಅಪಘಾತ ಆದಾಗ ಏನು ಮಾಡಬೇಕು ಅನ್ನೋ ಭಾಗ. ಗಾಡಿ ಓಡಿಸುತ್ತಿದ್ದವರು ಗಾಯಗೊಂಡವರಿಗೆ ಚಿಕಿತ್ಸೆ ಸಿಗೋ ಹಾಗೆ ಮಾಡಬೇಕು, ಪೊಲೀಸರಿಗೆ ತಿಳಿಸಬೇಕು. ಅದು ಮೋಟಾರು ವಾಹನ ಕಾಯ್ದೆಯ 134ನೇ ಕಲಮು. ದಾರಿಹೋಕರು ಕೈ ಹಾಕಿದರೆ ಕೇಸು, ಸಾಕ್ಷಿ, ಕೋರ್ಟು ಅಂತ ನಮ್ಮ ಜನ ಹೆದರಿ ದೂರ ನಿಲ್ಲುತ್ತಾರೆ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಆ ಹೆದರಿಕೆಗೇ ಉತ್ತರ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರಲ್ಲ. ಹೆಸರು, ವಿಳಾಸ ಕೊಡಿ ಅಂತ ಅವರನ್ನು ಒತ್ತಾಯ ಮಾಡೋ ಹಾಗೂ ಇಲ್ಲ. ಲೈಸೆನ್ಸ್ ಬೇಡದವರಿಗೂ ಈ ಒಂದು ಪಾಠ ಹೇಳಬೇಕು ಅಂತ ನನ್ನ ಆಸೆ.

ಮಕ್ಕಳ ಕೈಗೆ ಗಾಡಿ ಕೊಡೋದರ ಬಗ್ಗೆಯೂ ಗಟ್ಟಿಯಾಗಿ ಹೇಳಿದರು. ಟ್ಯೂಷನ್ನಿಗೆ ಹೋಗೋ ಹದಿನೈದು ಹದಿನಾರರ ಹುಡುಗರು ಸ್ಕೂಟಿ ಮೇಲೆ ಮೂರು ಮೂರು ಜನ ಕೂತು ಹೋಗೋದು ಇಲ್ಲಿ ದಿನದ ನೋಟ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಗಾಡಿ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬೋವರೆಗೆ ಎಲ್‌ಎಲ್ ಸಿಗಲ್ಲ. ಇದನ್ನು ಹೇಳುವಾಗ ಕ್ಲಾಸಿನಲ್ಲಿದ್ದ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇನ್ನು ದೂರುಗಳು. ಗೋಡೆ ಮೇಲಿನ ದಂಡದ ಪಟ್ಟಿ ಹಳೆಯದು. ಲೈಸೆನ್ಸ್ ಇಲ್ಲದೆ ಓಡಿಸಿದರೆ 500 ರೂಪಾಯಿ ಅಂತ ಅದರಲ್ಲಿದೆ. 2019ರ ಸೆಪ್ಟೆಂಬರ್ 1ರಿಂದ ಕಾಯ್ದೆಯಲ್ಲಿ ಅದು 5,000. ಕೆಲವು ತಪ್ಪುಗಳಿಗೆ ಸ್ಥಳದಲ್ಲೇ ಕಟ್ಟೋ ಮೊತ್ತವನ್ನು ಕರ್ನಾಟಕ ಸರ್ಕಾರ ಆಮೇಲೆ ಇಳಿಸಿತು, ಅದೂ ಪಟ್ಟಿಯಲ್ಲಿಲ್ಲ. ಇಷ್ಟು ವರ್ಷ ಆದಮೇಲೂ ಒಂದು ಫ್ಲೆಕ್ಸ್ ಬದಲಾಯಿಸೋಕೆ ಆಗಲ್ವಾ? ಸರ್ ಬಾಯಿಮಾತಲ್ಲಿ ಸರಿ ಹೇಳುತ್ತಾರೆ, ಆದರೆ ಕ್ಲಾಸಿಗೆ ತಪ್ಪಿಸಿಕೊಂಡವರು ಗೋಡೆಯನ್ನೇ ನಂಬುತ್ತಾರೆ. ಸಂಜೆ ಬ್ಯಾಚಿನಲ್ಲಿ ಜನ ಕಿಕ್ಕಿರಿದಿರುತ್ತಾರೆ, ಹಿಂದೆ ಕೂತರೆ ಬೋರ್ಡ್ ಕಾಣಲ್ಲ. ಗಿಯರ್ ಬಾಕ್ಸು, ಕ್ಲಚ್ಚಿನ ಒಳಭಾಗಕ್ಕೆ ಕೊಟ್ಟ ಸಮಯದಲ್ಲಿ ಅರ್ಧವನ್ನು ರಾತ್ರಿ ಚಾಲನೆಗೆ, ಎದುರು ಗಾಡಿ ಬಂದಾಗ ಹೈಬೀಮ್ ಇಳಿಸೋದಕ್ಕೆ ಕೊಟ್ಟಿದ್ದರೆ ಚೆನ್ನಾಗಿತ್ತು. ಹೆಲ್ಮೆಟ್ ವಿಷಯವೂ ಅವಸರದಲ್ಲೇ ಮುಗಿಯಿತು. ನಮ್ಮಲ್ಲಿ ಬಿಸಿಲು 40 ದಾಟಿದರೆ ಮೊದಲು ತಲೆಯಿಂದ ಇಳಿಯೋದೇ ಹೆಲ್ಮೆಟ್ಟು, ಅದಕ್ಕೆ ಅರ್ಧ ಗಂಟೆ ಕೊಟ್ಟರೂ ಕಮ್ಮಿಯೇ. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕ್ ಮೇಲೆ ಕರೆದೊಯ್ಯುವಾಗ ಬೆಲ್ಟು, ಮಗುವಿಗೂ ಹೆಲ್ಮೆಟ್ಟು, ವೇಗ 40 ಕಿಲೋಮೀಟರ್ ಒಳಗೆ ಅನ್ನೋ ನಿಯಮ 2023ರ ಫೆಬ್ರವರಿಯಿಂದ ಇದೆ. ಅದನ್ನು ನಾವೇ ಕೇಳಿ ಹೇಳಿಸಿಕೊಂಡೆವು.

ಫೀಸಿನ ವಿಷಯದಲ್ಲಿ ಬಾಯಿಬಿಟ್ಟು ಕೇಳಿ. ಕೇಂದ್ರ ನಿಯಮದಲ್ಲಿ ಎಲ್‌ಎಲ್‌ಗೆ ಒಂದೊಂದು ವರ್ಗದ ಗಾಡಿಗೆ 150 ರೂಪಾಯಿ, ಪರೀಕ್ಷೆಗೆ 50. ಅದರ ಮೇಲೆ ಸ್ಕೂಲಿನವರು ತಗೊಳ್ಳೋದು ಅವರ ಪಾಠದ ಫೀಸು, ಅದು ತಪ್ಪಲ್ಲ. ಆದರೆ ಸರ್ಕಾರದ್ದೆಷ್ಟು, ತಮ್ಮದೆಷ್ಟು ಅಂತ ಬೇರೆ ಬೇರೆ ಬರೆದು ಕೊಡಬೇಕು. ನಮಗೆ ಕೇಳಿದ ಮೇಲೆ ಕೊಟ್ಟರು. 40 ವರ್ಷ ದಾಟಿದವರಿಗೆ ವೈದ್ಯರ ಸರ್ಟಿಫಿಕೇಟ್ ಬೇಕು, ಮೊದಲೇ ಮಾಡಿಸಿಟ್ಟುಕೊಳ್ಳಿ.

ಮನೆಯಲ್ಲಿ ಅಭ್ಯಾಸಕ್ಕೆ ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ಪುಕ್ಕಟೆ ಮಾದರಿ ಪರೀಕ್ಷೆ ಇದೆ, ಅದು ಸಾಕು. ಸಿಕ್ಕ ಸಿಕ್ಕ ಆಪ್ ಹಾಕಿಕೊಳ್ಳಬೇಡಿ. ಕೆಲವು ಬೇರೆ ದೇಶದ ನಿಯಮ ಕಲಿಸುತ್ತವೆ, ಅಲ್ಲಿ ಗಾಡಿ ಬಲಗಡೆ ಓಡುತ್ತದೆ. ಪಾಸಾಗೋಕೆ ಶೇ 60 ಸಾಕು ಅಂತ ನಿಯಮ ಇದ್ದರೂ ಅಷ್ಟಕ್ಕೇ ಓದಬೇಡಿ, ಉಳಿದ ಶೇ 40ರಲ್ಲಿ ಯಾವ ನಿಯಮ ಬಿಟ್ಟುಹೋಗುತ್ತೋ ಯಾರಿಗೆ ಗೊತ್ತು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಡಿಎಲ್ (ಪೂರ್ತಿ ಡ್ರೈವಿಂಗ್ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಅಲ್ಲಿವರೆಗೆ ಗಾಡಿ ಹಿಂದೆ ಮುಂದೆ ಕೆಂಪು 'ಎಲ್' ಬೋರ್ಡು, ಕಾರಿನಲ್ಲಿ ಪಕ್ಕಕ್ಕೆ ಲೈಸೆನ್ಸ್ ಇರೋ ಕಲಿಸುವವರು ಇರಲೇಬೇಕು.

ಸೇರೋದಾದರೆ ಬೆಳಗಿನ ಬ್ಯಾಚು ಕೇಳಿ. ಜನ ಕಮ್ಮಿ, ಸರ್‌ಗೂ ಪ್ರಶ್ನೆ ಕೇಳಿಸಿಕೊಳ್ಳೋಕೆ ಪುರುಸೊತ್ತು ಇರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬ್ಯಾಚು ಬೇಡ, ಆ ರೂಮಿಗೆ ಇರೋದು ಒಂದೇ ಫ್ಯಾನು, ಕರೆಂಟ್ ಹೋದರೆ ಅದೂ ಇಲ್ಲ.