ಕಾರ್ಡ್ ಕೈಗೆ ಬಂದರೆ ಸಾಲದು: ಪದವಿ ಪರೀಕ್ಷೆಗೆ ಸ್ಕ್ರೈಬ್, ಹೆಚ್ಚುವರಿ ಸಮಯ ಕೊಡುವ ವ್ಯವಸ್ಥೆ ಹೇಗಿದೆ?

ಕರ್ನಾಟಕದಲ್ಲಿ ಪದವಿ ಓದುವ ವಿಕಲಚೇತನ ವಿದ್ಯಾರ್ಥಿ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವ ಸಹಾಯಕರು), ಹೆಚ್ಚುವರಿ ಸಮಯದಂಥ ಪರೀಕ್ಷಾ ಸೌಲಭ್ಯ ಪಡೆಯಲು ಎರಡು ಬಾಗಿಲು ದಾಟಬೇಕು. ಒಂದು, ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಿಂದ ಬರುವ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಇನ್ನೊಂದು, ಕಾಲೇಜಿನ ಮೂಲಕ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರ ಕಚೇರಿಯಿಂದ ಬರುವ ಅನುಮತಿ ಪತ್ರ. ಎರಡೂ ಸೇವೆಗಳನ್ನು ಇಲ್ಲಿ ಒಟ್ಟಿಗೇ ನೋಡಿದ್ದೇವೆ. ಮೊದಲನೆಯದು ಸಿಕ್ಕಿತೆಂದು ನೆಮ್ಮದಿಯಾಗಿ ಕೂತವರೇ ಎರಡನೆಯದರಲ್ಲಿ ಎಡವುವುದು ಹೆಚ್ಚು.

ಮೊದಲು ಕಾರ್ಡ್. ಅರ್ಜಿ ಹಾಕುವುದು ಕಷ್ಟವಲ್ಲ: ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಇದ್ದರೆ ಅರ್ಧ ಗಂಟೆಯ ಕೆಲಸ. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು ಅರ್ಜಿ ತುಂಬಿಕೊಡುತ್ತಾರೆ. ಹೆಸರು ಮಾತ್ರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಇರಲಿ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ ಇದ್ದರೆ ಆಮೇಲೆ ಪ್ರವೇಶಪತ್ರದ ಹೊತ್ತಿಗೆ ಅದೇ ತಕರಾರಾಗುತ್ತದೆ, ಆದ್ದರಿಂದ ಮೊದಲು ಆಧಾರ್ ತಿದ್ದಿಸಿಕೊಳ್ಳಿ.

ತಡವಾಗುವುದು ವೈದ್ಯಕೀಯ ತಪಾಸಣೆಯಲ್ಲಿ. ಮೂಳೆ, ಕಣ್ಣು, ಕಿವಿಯ ತಜ್ಞರು ಸಾಮಾನ್ಯವಾಗಿ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗುತ್ತಾರೆ. ಕಿವಿ ಮತ್ತು ಮಾತಿನ ವಿವರವಾದ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಕಲಿಕಾ ನ್ಯೂನತೆಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರಾದ ಜಾಗಗಳು. ಪ್ರಮಾಣಪತ್ರ ಕೊಡಲು ವಿಕಲಚೇತನರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ಮೂರು ತಿಂಗಳವರೆಗೆ ಅವಕಾಶವಿದೆ. ಪರೀಕ್ಷಾ ವೇಳಾಪಟ್ಟಿ ಬಂದ ಮೇಲೆ ಅರ್ಜಿ ಹಾಕಿದರೆ ಆ ಸೆಮಿಸ್ಟರ್ ಕೈತಪ್ಪಿತೆಂದೇ ಲೆಕ್ಕ. ಪ್ರವೇಶ ಪಡೆದ ವಾರವೇ ಶುರು ಮಾಡಬೇಕು. ಹಳೆಯ ಪ್ರಮಾಣಪತ್ರ ಇರುವವರು ಅದರ ಕೊನೆಯ ದಿನಾಂಕ ನೋಡಲಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಶಾಲೆಯ ವಯಸ್ಸಿನಲ್ಲಿ ಮರುಪರೀಕ್ಷೆ ಇರುತ್ತದೆ, ಪಿಯುಸಿವರೆಗೆ ನಡೆದ ಕಾಗದ ಪದವಿಯ ಮೊದಲ ಸೆಮಿಸ್ಟರ್‌ನಲ್ಲಿ ಅವಧಿ ಮೀರಿರುವುದು ಮಾಮೂಲು.

ಕೈಗೆ ಬರುವ ಕಾರ್ಡಿನ ಬಣ್ಣವೇ ಶೇಕಡಾವಾರು ಹೇಳುತ್ತದೆ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಪ್ರವೇಶದಲ್ಲಿ ಶೇಕಡಾ 5 ಮೀಸಲಾತಿಗೆ ಶೇಕಡಾ 40 ಬೇಕು, ಅಲ್ಲಿ ಈ ಕಾರ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಪರೀಕ್ಷೆಯಲ್ಲಿ ಹಾಗಲ್ಲ. ಕಾರ್ಡ್ ಹೇಳುವುದು ದೇಹದ ನ್ಯೂನತೆ ಎಷ್ಟೆಂದು. ಪರೀಕ್ಷಾ ವಿಭಾಗಕ್ಕೆ ಬೇಕಾದದ್ದು ಈ ವಿದ್ಯಾರ್ಥಿಗೆ ಮೂರು ಗಂಟೆ ಕೂತು ಬರೆಯಲು ಆಗುತ್ತದೋ ಇಲ್ಲವೋ ಎಂಬ ಉತ್ತರ. ಆ ಉತ್ತರ ಕಾರ್ಡಿನ ಮೇಲೆ ಎಲ್ಲೂ ಇಲ್ಲ. ಈ ಸೇವೆಯ ದೊಡ್ಡ ಕೊರತೆ ಇದೇ.

ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆ 2018ರ ಆಗಸ್ಟ್ 29ರಂದು ಹೊರಡಿಸಿದ ಮಾರ್ಗಸೂಚಿ ಈ ಕೊರತೆಗೊಂದು ದಾರಿ ಇಟ್ಟಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಧತ್ವ, ಎರಡೂ ತೋಳಿನ ನ್ಯೂನತೆ, ಸೆರೆಬ್ರಲ್ ಪಾಲ್ಸಿ ಇದ್ದವರು ಬಯಸಿದರೆ ಸ್ಕ್ರೈಬ್ ಕೊಡಲೇಬೇಕು. ಮಂದದೃಷ್ಟಿ, ಒಂದೇ ಕೈಯ ತೊಂದರೆ, ಕಲಿಕಾ ನ್ಯೂನತೆ ಇತ್ಯಾದಿ ಇರುವವರು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರ ಸಹಿ ಇರುವ, ಅನುಬಂಧ 1ರ ನಮೂನೆಯ ಪತ್ರ ತರಬೇಕು. ಬರೆಯಲು ದೈಹಿಕ ಮಿತಿ ಇದೆ, ಸ್ಕ್ರೈಬ್ ಅನಿವಾರ್ಯ ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. 'ರೋಗಿಗೆ ಬಲಗೈಯಲ್ಲಿ ದೌರ್ಬಲ್ಯವಿದೆ' ಎಂದಷ್ಟೇ ಬರೆದ ಚೀಟಿ ವಾಪಸ್ ಬರುತ್ತದೆ, ಏಕೆಂದರೆ ಅದು ರೋಗ ಹೇಳಿತು, ಅಗತ್ಯ ಹೇಳಲಿಲ್ಲ. ನಮೂನೆ ಮುದ್ರಿಸಿಕೊಂಡೇ ವೈದ್ಯರ ಬಳಿ ಹೋಗಿ, ಸಹಿಯ ಕೆಳಗೆ ಹುದ್ದೆ ಮತ್ತು ಮೊಹರು ಇದೆಯೇ ನೋಡಿಯೇ ಹೊರಬನ್ನಿ.

ಶೇಕಡಾ 40ಕ್ಕಿಂತ ಕಡಿಮೆ ಇರುವವರಿಗೆ ಏನೂ ಇಲ್ಲ ಎನ್ನುವ ಮಾತು ಈಗಲೂ ಕಾಲೇಜು ಕೌಂಟರ್‌ಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. 2021ರ ಫೆಬ್ರವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಕ್ರೈಬ್ ಸೌಲಭ್ಯಕ್ಕೆ ಶೇಕಡಾ 40ರ ಗೆರೆ ಹಾಕುವಂತಿಲ್ಲ ಎಂದಿತು. ಆ ಅಭ್ಯರ್ಥಿಗೆ ಇದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. ಅದರ ಪರಿಣಾಮವಾಗಿ 2022ರ ಆಗಸ್ಟ್ 10ರ ಮಾರ್ಗಸೂಚಿ ಬಂತು. ಆದರೆ ಇಲ್ಲಿ ಒಬ್ಬ ವೈದ್ಯರ ಸಹಿ ಸಾಲದು, ತಜ್ಞರ ಸಮಿತಿಯೇ ಪ್ರಮಾಣೀಕರಿಸಬೇಕು. ತೊಂದರೆ ಕಡಿಮೆ ಎನಿಸಿಕೊಂಡವರಿಗೇ ಓಡಾಟ ಹೆಚ್ಚು. ಈ ಗುಂಪಿನವರು ಎರಡು ತಿಂಗಳು ಮುಂಚೆ ಎದ್ದರೂ ತಡವೇ.

ಈಗ ಎರಡನೇ ಬಾಗಿಲು. ಪದವಿ ಕಾಲೇಜುಗಳಲ್ಲಿ ಪರೀಕ್ಷಾ ಅರ್ಜಿ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ನಿರ್ವಹಣಾ ವ್ಯವಸ್ಥೆಯಾದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹೋಗುತ್ತದೆ. ಅಲ್ಲಿ ಅಂಗವೈಕಲ್ಯದ ವಿವರ ತುಂಬಿದ್ದೇ ಸೌಲಭ್ಯ ಕೇಳಿದಂತೆ ಎಂದುಕೊಳ್ಳಬೇಡಿ. ಕಾಗದದ ಮನವಿ ಬೇರೆಯೇ ಬೇಕು: ಪ್ರಾಂಶುಪಾಲರಿಗೆ ಒಂದು, ಅವರ ಮೂಲಕ ಮೌಲ್ಯಮಾಪನ ಕುಲಸಚಿವರಿಗೆ ಒಂದು. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ ಮತ್ತು ತಾರೀಖು ಹಾಕಿಸಿಕೊಳ್ಳಿ. ಗುಮಾಸ್ತರ ಕೈಗೆ ಕೊಟ್ಟು 'ಹೇಳಿದ್ದೇವೆ' ಎಂದರೆ ಅದಕ್ಕೆ ದಾಖಲೆಯೇ ಇರುವುದಿಲ್ಲ.

ಮನವಿಯಲ್ಲಿ 'ಸೂಕ್ತ ಸೌಲಭ್ಯ ಕೊಡಿ' ಎಂದು ಬರೆದರೆ ಏನೂ ಬರುವುದಿಲ್ಲ. ಹೀಗೆ ಬರೆಯಿರಿ: 'ಎಲ್ಲ ಪತ್ರಿಕೆಗಳಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ಸ್ಕ್ರೈಬ್, ನೆಲಮಹಡಿಯಲ್ಲಿ ಪ್ರತ್ಯೇಕ ಕೊಠಡಿ, ಆಂತರಿಕ ಪರೀಕ್ಷೆ ಮತ್ತು ಪ್ರಯೋಗ ಪರೀಕ್ಷೆಗೂ ಇದೇ ಅನ್ವಯ.' ಕೊನೆಯ ಸಾಲು ಬಿಡಬೇಡಿ. ಆಂತರಿಕ ಪರೀಕ್ಷೆ ವಿಭಾಗದ ಮಟ್ಟದಲ್ಲಿ ನಡೆಯುತ್ತದೆ, ವಿಶ್ವವಿದ್ಯಾಲಯದ ಆದೇಶ ಅಲ್ಲಿಗೆ ತಲುಪುವುದೇ ಇಲ್ಲ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕೂಡ ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿವೆ. ಇವರಿಗೆ ಬೇಕಾಗುವುದು ಹಾಜರಾತಿಯ ವಿನಾಯಿತಿ. ಅದನ್ನು ಸೆಮಿಸ್ಟರ್ ಶುರುವಿನಲ್ಲೇ ಕೇಳಿ, ರಕ್ತ ಹಾಕಿಸಿಕೊಂಡ ದಿನಗಳ ಆಸ್ಪತ್ರೆ ಚೀಟಿಗಳನ್ನು ಜೋಡಿಸಿಡಬೇಕು.

ಸಮಯದ ಲೆಕ್ಕ ಸುಲಭ: ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ, ಎರಡೂವರೆಗೆ 50, ಎರಡಕ್ಕೆ 40. ಸ್ಕ್ರೈಬ್ ಬೇಡ ಎಂದವರಿಗೂ ಇದು ಸಲ್ಲುತ್ತದೆ. ಲೆಕ್ಕ ಸುಲಭವಾದರೂ ಕೊಠಡಿಯಲ್ಲಿ ಕೈಕೊಡುವುದು ಇದೇ. ಹತ್ತಕ್ಕೆ ಶುರುವಾದ ಪತ್ರಿಕೆಗೆ ಒಂದಕ್ಕೆ ಗಂಟೆ ಬಾರಿಸುತ್ತದೆ, ಉತ್ತರಪತ್ರಿಕೆ ಎಣಿಸಿ ಬಂಡಲ್ ಕಟ್ಟಬೇಕು, ಮೇಲ್ವಿಚಾರಕರ ಪಾಳಿ ಮುಗಿದಿರುತ್ತದೆ. ಸಾಮಾನ್ಯ ಕೊಠಡಿಯಲ್ಲೇ ಕೂತಿದ್ದರೆ ಎಲ್ಲರೂ ನಿಮ್ಮ ಡೆಸ್ಕ್ ಸುತ್ತ ನಿಂತು ಕಾಯುತ್ತಾರೆ, ಆ ಒತ್ತಡದಲ್ಲಿ ಬರೆಯಲಾಗದು. ಪ್ರತ್ಯೇಕ ಕೊಠಡಿ ಮತ್ತು ಎರಡರವರೆಗೆ ಇರುವ ಮೇಲ್ವಿಚಾರಕರನ್ನು ಕೇಳುವುದು ಇದಕ್ಕೇ. ಎರಡಕ್ಕೇ ಮಧ್ಯಾಹ್ನದ ಪತ್ರಿಕೆ ಇದ್ದರೆ ಊಟಕ್ಕೂ ಬಿಡುವಿಲ್ಲ. ವೇಳಾಪಟ್ಟಿ ಬಂದ ದಿನವೇ ಇದನ್ನು ಲಿಖಿತವಾಗಿ ತಿಳಿಸಬೇಕು.

ಸ್ಕ್ರೈಬ್ ವಿಷಯಕ್ಕೆ ಬಂದರೆ, 2018ರ ನಿಯಮದಂತೆ ಸ್ವಂತ ಸ್ಕ್ರೈಬ್ ಕರೆತಂದರೆ ಅವರ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು. ಪದವಿ ವಿದ್ಯಾರ್ಥಿಗೆ ಪಿಯುಸಿಯವರು ಎಂದು ಹೆಚ್ಚಿನ ಕಡೆ ಅರ್ಥ ಮಾಡಿಕೊಳ್ಳುತ್ತಾರೆ. ವಿಶ್ವವಿದ್ಯಾಲಯವೇ ಸ್ಕ್ರೈಬ್ ಕೊಟ್ಟರೆ ಎರಡು ದಿನ ಮುಂಚೆ ಭೇಟಿಗೆ ಅವಕಾಶವಿದೆ, ತಪ್ಪದೆ ಬಳಸಿಕೊಳ್ಳಿ. ಸ್ವಂತ ಸ್ಕ್ರೈಬ್ ನಿಯಮ ಬದಲಾಗುವಂಥದ್ದು, ಪ್ರತಿ ಸೆಮಿಸ್ಟರ್ ಆ ಬಾರಿಯ ಸುತ್ತೋಲೆ ಓದಿಯೇ ಮುಂದುವರಿಯಿರಿ.

ಭೇಟಿಯಲ್ಲಿ ನೋಡಬೇಕಾದದ್ದು ಅಕ್ಷರದ ಅಂದವಲ್ಲ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಮಾಧ್ಯಮದ ಸ್ಕ್ರೈಬ್ ಸಿಕ್ಕರೆ ಒಂದೊಂದು ಒತ್ತಕ್ಷರಕ್ಕೂ ನಿಲ್ಲುತ್ತಾರೆ, 60 ನಿಮಿಷ ಅಲ್ಲೇ ಕರಗುತ್ತದೆ. ಒಂದು ಪುಟ ಹೇಳಿ ಬರೆಸಿ ಗಡಿಯಾರ ನೋಡಿ. ಗಣಿತ, ಲೆಕ್ಕಶಾಸ್ತ್ರಕ್ಕೆ ಮಾತಿನ ಒಪ್ಪಂದ ಬೇಕು. 'ಎಕ್ಸ್ ಪ್ಲಸ್ ಒಂದು ಬೈ ಎರಡು' ಎಂದರೆ ಗೆರೆ ಎಕ್ಸ್‌ನಿಂದಲೇ ಶುರುವೋ, ಒಂದರ ಕೆಳಗೆ ಮಾತ್ರವೋ ಗೊತ್ತಾಗುವುದಿಲ್ಲ. 'ಎಕ್ಸ್ ಪ್ಲಸ್ ಒಂದು, ಇಡೀ ಅದರ ಕೆಳಗೆ ಉದ್ದ ಗೆರೆ, ಗೆರೆಯ ಕೆಳಗೆ ಎರಡು' ಎಂದು ಹೇಳುವುದನ್ನು ಇಬ್ಬರೂ ಅಭ್ಯಾಸ ಮಾಡಿರಬೇಕು.

ಕಂಪ್ಯೂಟರಿನಲ್ಲಿ ಬರೆಯಲು, ದೊಡ್ಡ ಅಕ್ಷರದ ಅಥವಾ ಬ್ರೈಲ್ ಪ್ರಶ್ನೆಪತ್ರಿಕೆ ಪಡೆಯಲು, ಮಾತನಾಡುವ ಕ್ಯಾಲ್ಕುಲೇಟರ್ ಒಯ್ಯಲು ಕೂಡ ಮಾರ್ಗಸೂಚಿ ಒಪ್ಪುತ್ತದೆ. ಕಂಪ್ಯೂಟರನ್ನು ಹಿಂದಿನ ದಿನ ಪರೀಕ್ಷಿಸಿ ನೋಡಬಹುದು.

ಪರೀಕ್ಷೆಗಿಂತ ದೊಡ್ಡ ತೊಂದರೆ ವರ್ಷವಿಡೀ ಕೈಗೆ ಬರುವ ನೋಟ್ಸ್. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ 'ಕನ್ನಡ' ಎಂಬ ಪದ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಅದರ ಒಳಗಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಗುರುತು. ಪರದೆಯ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಅದನ್ನೇ ಓದುತ್ತದೆ. ಅಧ್ಯಾಪಕರಿಂದ ಪಿಡಿಎಫ್ ಬದಲು ಮೂಲ ವರ್ಡ್ ಕಡತವನ್ನೇ ಕೇಳಿ ಪಡೆದು ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಸರಿಯಾಗಿ ಬಂದಿದೆಯೇ ಒಮ್ಮೆ ಕೇಳಿ ನೋಡಿ. ಸ್ಕ್ಯಾನ್ ಮಾಡಿದ ಪುಟಗಳಾದರೆ ಗೂಗಲ್ ಡ್ರೈವ್ ಕನ್ನಡ ಗುರುತಿಸುತ್ತದೆ. ಪುಸ್ತಕಗಳಿಗೆ, ಮುದ್ರಿತ ಪುಸ್ತಕ ಓದಲಾಗದವರಿಗೆಂದೇ ಇರುವ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲಿ ಮೊದಲು ಹುಡುಕುವುದು ಒಳ್ಳೆಯದು.

ಮನವಿಗೆ ಉತ್ತರವೇ ಬರದಿದ್ದರೆ, ಮೊದಲು ಸಂಸ್ಥೆಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಸಮಿತಿ, ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರು. ಆ ಇನ್‌ವರ್ಡ್ ನಂಬರ್ ಬೆಲೆ ಬಾಳುವುದು ಈ ಹಂತದಲ್ಲಿ.

ಪರೀಕ್ಷೆಯ ದಿನ ಕಾರ್ಡ್, ಅನುಬಂಧದ ಪತ್ರ, ಅನುಮತಿ ಆದೇಶ, ಸ್ಕ್ರೈಬ್‌ನ ಆಧಾರ್ ಮತ್ತು ಅಂಕಪಟ್ಟಿ, ಸ್ವಂತ ಸ್ಕ್ರೈಬ್ ಬಗ್ಗೆ ನೀವು ಬರೆದುಕೊಡುವ ಮುಚ್ಚಳಿಕೆ ಪತ್ರ ಎಲ್ಲದರ ಎರಡೆರಡು ಪ್ರತಿ ಇರಲಿ. ಸ್ಕ್ರೈಬ್‌ಗೆ ಬೆಳಿಗ್ಗೆ ಜ್ವರ ಬಂದರೆ ಕೊನೆ ಗಳಿಗೆಯಲ್ಲಿ ಬದಲಿಸಲು ನಿಯಮ ಬಿಟ್ಟಿದೆ. ಅದಕ್ಕೆ ಇನ್ನೊಬ್ಬರ ಹೆಸರಿನ ಮುಚ್ಚಳಿಕೆಯನ್ನು ಮೊದಲೇ ತುಂಬಿ, ಫೋಟೊ ಅಂಟಿಸಿ, ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ.