ಧರ್ಮಾಧ್ಯಯನದ ಮೈನರ್, ಮನಃಶಾಸ್ತ್ರದ ಮೈನರ್, ಎರಡೂ ಸೇರಿದ ಸರ್ಟಿಫಿಕೇಟ್: ಒಂದು ಹೋಲಿಕೆ

ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಯ ಜೊತೆಗೆ ಧರ್ಮಾಧ್ಯಯನದ ಮೈನರನ್ನು (ಮುಖ್ಯ ವಿಷಯದ ಜೊತೆಗೆ ಓದುವ ಚಿಕ್ಕ ಉಪವಿಷಯ) ಮುಗಿಸಿದ್ದೇನೆ; ಮತ್ತೆ ಆರಿಸಬೇಕಾಗಿ ಬಂದರೂ ಅದನ್ನೇ ಆರಿಸುತ್ತೇನೆ. ಅದಕ್ಕೆ ಮುನ್ನ ಮನಃಶಾಸ್ತ್ರದ ಮೈನರಿನ ಆರಂಭದ ಕೋರ್ಸುಗಳನ್ನು ಓದಿದ್ದೆ, ಎರಡೂ ವಿಭಾಗಗಳು ಸೇರಿ ನಡೆಸುವ, ಮೈನರಿಗಿಂತ ಚಿಕ್ಕದಾದ ಸರ್ಟಿಫಿಕೇಟ್ ಕಾರ್ಯಕ್ರಮಕ್ಕೂ ಹೆಸರು ಕೊಟ್ಟಿದ್ದೆ. ಊರಿನಿಂದ ಹೊಸದಾಗಿ ಬರುವವರು ಈ ಮೂರರಲ್ಲಿ ಯಾವುದು ಒಳ್ಳೆಯದೆಂದು ಕೇಳುತ್ತಲೇ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಮೈನರಿಗೆ ಸಾಮಾನ್ಯವಾಗಿ 15ರಿಂದ 21 ಕ್ರೆಡಿಟ್ (ಓದಿನ ಹೊರೆಯ ಅಳತೆ; ಒಂದು ಕೋರ್ಸಿಗೆ ಸಾಮಾನ್ಯವಾಗಿ 3) ಬೇಕು. ನಮ್ಮಲ್ಲಿ ಎರಡು ಮೈನರುಗಳಿಗೂ 18, ಸರ್ಟಿಫಿಕೇಟಿಗೆ 12. ಈ ಅಂಕಿಗಳನ್ನು ಮಾತ್ರ ನೋಡಿದರೆ ಸರ್ಟಿಫಿಕೇಟೇ ಅಗ್ಗವೆನಿಸುತ್ತದೆ, ಮೈನರುಗಳೆರಡೂ ಸಮವೆನಿಸುತ್ತವೆ, ಎರಡೂ ನಿಜವಲ್ಲ.

ಮನಃಶಾಸ್ತ್ರದ 18 ಕ್ರೆಡಿಟ್ಟುಗಳನ್ನು ಬೇಕಾದ ಕ್ರಮದಲ್ಲಿ ಓದುವಂತಿಲ್ಲ. ಪರಿಚಯ ಕೋರ್ಸು ಮುಗಿಯದೆ ಸಂಖ್ಯಾಶಾಸ್ತ್ರವಿಲ್ಲ, ಸಂಖ್ಯಾಶಾಸ್ತ್ರವಿಲ್ಲದೆ ಸಂಶೋಧನಾ ವಿಧಾನವಿಲ್ಲ, ಅದಿಲ್ಲದೆ ಮೇಲಿನ ತರಗತಿಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶವಿಲ್ಲ. ಕಂಪ್ಯೂಟರ್ ಸೈನ್ಸಿಗಾಗಿ ಇದಕ್ಕಿಂತ ಕಠಿಣವಾದ ಸಂಖ್ಯಾಶಾಸ್ತ್ರವನ್ನು ಓದಿದ್ದರೂ ವಿಭಾಗವು ಅದನ್ನು ತಾನಾಗಿ ಒಪ್ಪುವುದಿಲ್ಲ, ಪ್ರತ್ಯೇಕ ಅರ್ಜಿ ಹಾಕಬೇಕು. ರಿಜಿಸ್ಟ್ರೇಷನ್ ತೆರೆದಾಗ ಸೀಟುಗಳು ಮೊದಲು ಮೇಜರ್ ವಿದ್ಯಾರ್ಥಿಗಳಿಗೆ, ಎಂದರೆ ಅದನ್ನೇ ಮುಖ್ಯ ವಿಷಯವಾಗಿ ಓದುವವರಿಗೆ, ಹೋಗುತ್ತವೆ, ಉಳಿದುದು ನಮಗೆ. ಹೀಗಾಗಿ ಒಂದು ಸೆಮಿಸ್ಟರಿನಲ್ಲಿ ಸೀಟು ತಪ್ಪಿದರೆ ಮುಂದಿನದೆಲ್ಲವೂ ಒಂದೊಂದು ಸೆಮಿಸ್ಟರ್ ಹಿಂದೆ ಸರಿಯುತ್ತದೆ.

ಪರಿಚಯ ಕೋರ್ಸಿನಲ್ಲಿ ವಿಭಾಗದ ಸಂಶೋಧಕರ ಪ್ರಯೋಗಗಳಿಗೆ ಕೆಲವು ಗಂಟೆ ಕುಳಿತುಕೊಡಬೇಕು. ಒಲ್ಲದವರಿಗೆ ಬದಲಾಗಿ ಪ್ರಬಂಧ ಬರೆಯುವ ಅವಕಾಶವಿದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮಾತ್ರ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ಧರ್ಮದ ಮನಃಶಾಸ್ತ್ರ ಎಂಬ ಕೋರ್ಸು. ಅಮೆರಿಕದ ಮನಃಶಾಸ್ತ್ರಜ್ಞ, ತತ್ವಜ್ಞಾನಿ ವಿಲಿಯಂ ಜೇಮ್ಸ್ 1901–02ರಲ್ಲಿ ಎಡಿನ್‌ಬರೋದಲ್ಲಿ ಧಾರ್ಮಿಕ ಅನುಭವವನ್ನು ಕುರಿತು ಉಪನ್ಯಾಸ ಕೊಟ್ಟ ದಿನಗಳಿಂದಲೂ ಈ ವಿಷಯದ ಮೇಲೆ ಎರಡೂ ಶಾಸ್ತ್ರಗಳಿಗೆ ಹಕ್ಕುಂಟು. ಆ ಹಕ್ಕಿನ ಫಲವಾಗಿ ನಮ್ಮಲ್ಲಿ ಈ ಒಂದೇ ಕೋರ್ಸಿಗೆ ವಿಭಾಗಕ್ಕೊಂದರಂತೆ ಎರಡು ಕೋಡುಗಳಿವೆ (ಕೋರ್ಸನ್ನು ಗುರುತಿಸುವ ಸಂಖ್ಯೆಗಳು). ಕೋಣೆ ಒಂದೇ, ಪ್ರಾಧ್ಯಾಪಕರು ಒಬ್ಬರೇ, ಪರೀಕ್ಷೆಯೂ ಒಂದೇ. ಆದರೆ ಯಾವ ಕೋಡಿನಲ್ಲಿ ಹೆಸರು ನೋಂದಾಯಿಸಿದ್ದೀರಿ ಎಂಬುದರ ಮೇಲೆ ಆ ಮೂರು ಕ್ರೆಡಿಟ್ ಯಾವ ಮೈನರಿಗೆ ಸೇರುತ್ತವೆ ಎಂಬುದು ತೀರ್ಮಾನವಾಗುತ್ತದೆ. ನಾನು ಸೇರುವ ವೇಳೆಗೆ ಧರ್ಮಾಧ್ಯಯನದ ಕೋಡಿನ ಸೀಟುಗಳು ತುಂಬಿ, ಮನಃಶಾಸ್ತ್ರದ ಕೋಡಿನಲ್ಲಿ ಮಾತ್ರ ಜಾಗವಿತ್ತು. ಅದನ್ನು ಧರ್ಮಾಧ್ಯಯನಕ್ಕೆ ಲೆಕ್ಕ ಹಿಡಿಸಲು ಹಾಕಿದ ಅರ್ಜಿ ಅಡ್ವೈಸರಿಂದ ವಿಭಾಗಕ್ಕೆ, ವಿಭಾಗದಿಂದ ಕಾಲೇಜಿನ ಕಚೇರಿಗೆ ಹೋಗಿ, ಕೊನೆಯ ಪರೀಕ್ಷೆಗಳು ಹತ್ತಿರವಾದಾಗ ಒಪ್ಪಿಗೆಯೊಂದಿಗೆ ಮರಳಿತು.

ಸರ್ಟಿಫಿಕೇಟಿಗೂ ಇದೇ ಕೋರ್ಸು ಕಡ್ಡಾಯ. ಮೈನರಿಗೆ ಓದಿದ ಮೂರು ಕೋರ್ಸುಗಳು ಇಲ್ಲಿಗೂ ಸಲ್ಲುತ್ತವೆ, ಇನ್ನೊಂದನ್ನು ಓದಿದರೆ ಸಾಕು ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಮೈನರಿಗೂ ಸರ್ಟಿಫಿಕೇಟಿಗೂ ಒಟ್ಟಿಗೆ ಸಲ್ಲುವುದು ಒಂದೇ ಕೋರ್ಸು ಎಂಬ ನಿಯಮ, ಕಾರ್ಯಕ್ರಮದ ಪುಟದಲ್ಲಲ್ಲ, ಕಾಲೇಜಿನ ಸಾಮಾನ್ಯ ನಿಯಮಾವಳಿಯಲ್ಲಿದೆ. ಆದ್ದರಿಂದ ಹೊಸದಾಗಿ ಓದಬೇಕಾದದ್ದು 3 ಕ್ರೆಡಿಟ್ ಅಲ್ಲ, 9. ಎರಡು ಕೋಡಿನ ಕೋರ್ಸಿಗೆ ಸೇರುವವರು ಅದು ಎಲ್ಲೆಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅಡ್ವೈಸರಿಂದ ಇಮೇಲಿನಲ್ಲಿ ಬರೆಯಿಸಿಕೊಂಡೇ ಸೇರುವುದು ಕ್ಷೇಮ.

ಸರ್ಟಿಫಿಕೇಟಿನ ಉಳಿದ ಕೋರ್ಸುಗಳು ಬಹುಮಟ್ಟಿಗೆ ಆನ್‌ಲೈನ್. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವ ಪದವಿ ವಿದ್ಯಾರ್ಥಿಗಳು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಬೇಕು. ಆ ಲೆಕ್ಕಕ್ಕೆ ಆನ್‌ಲೈನ್ ಕೋರ್ಸು ಒಂದಕ್ಕಿಂತ ಹೆಚ್ಚು ಸೇರುವುದಿಲ್ಲ. ಕೆಲಸದಲ್ಲಿದ್ದುಕೊಂಡು ಸಂಜೆ ಓದುವ ಇಲ್ಲಿನವರಿಗೆ ಅನುಕೂಲವಾದದ್ದು ನಮಗೆ ತೊಡಕು.

ಇನ್ನು ಧರ್ಮಾಧ್ಯಯನ. ವಿಷಯದ ಹೆಸರು ಕೇಳಿದ ಅಪ್ಪ, "ಪುರಾಣ ಕೇಳಲು ಅಷ್ಟು ದೂರ ಹೋಗಬೇಕಿತ್ತೇ?" ಎಂದರು. ಆದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇದು ಉಪದೇಶವಲ್ಲ. ಶಾಲೆಗಳಲ್ಲಿ ಬೈಬಲ್ ಪಠಣವನ್ನು ತಡೆದ 1963ರ ಶೆಂಪ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಧರ್ಮವನ್ನು ವಸ್ತುನಿಷ್ಠವಾಗಿ ಅಧ್ಯಯನ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥ ವಿಭಾಗಗಳು ಬೆಳೆದದ್ದು ಹೆಚ್ಚಾಗಿ ಆ ಬಳಿಕ. ಮೈನರಿನ ನಿಯಮಗಳೂ ಸರಳ: ಎರಡು ಬೇರೆ ಪರಂಪರೆಗಳ ಕೋರ್ಸು, ಸಿದ್ಧಾಂತ ಮತ್ತು ವಿಧಾನಗಳ ಒಂದು ಸೆಮಿನಾರ್, ಉಳಿದವು ನಮ್ಮ ಇಷ್ಟ. ಸೆಮಿನಾರ್ ಒಂದನ್ನು ಬಿಟ್ಟರೆ ಯಾವುದಕ್ಕೂ ಹಿಂದಿನ ಕೋರ್ಸಿನ ಷರತ್ತಿಲ್ಲ. ಆ ಸೆಮಿನಾರ್ ಮಾತ್ರ ವರ್ಷ ಬಿಟ್ಟು ವರ್ಷ ನಡೆಯುವುದರಿಂದ ಅದರ ಸರದಿಯನ್ನು ನೋಡಿಕೊಂಡು ಮಿಕ್ಕದ್ದನ್ನು ಹೊಂದಿಸಬೇಕು. ಭಕ್ತಿ ಪರಂಪರೆಗಳ ತರಗತಿಯಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷಿನಲ್ಲಿ ಬಸವಣ್ಣ ಮತ್ತು ಅಕ್ಕಮಹಾದೇವಿಯರನ್ನು ಓದಿದಾಗ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವಚನಗಳ ಬಗ್ಗೆ ನನ್ನಲ್ಲಿ ಎಷ್ಟು ಕಡಿಮೆ ಪ್ರಶ್ನೆಗಳಿದ್ದವೆಂದು ತಿಳಿಯಿತು.

ಓದು ಮತ್ತು ಬರವಣಿಗೆ ವಿಪರೀತ. ರಾತ್ರಿ ನಿಧಾನವಾಗಿ ಓದುವ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಗಳನ್ನು ಕಂಡರಾಗದ ನನಗೆ ಇದು ಹಿಡಿಸಿತು. ಖರ್ಚಿನ ಲೆಕ್ಕವೂ ಸರಿಹೋಯಿತು. ನಮ್ಮಲ್ಲಿ 12ರಿಂದ 18 ಕ್ರೆಡಿಟ್‌ವರೆಗೆ ಶುಲ್ಕ ಒಂದೇ ಇರುವುದರಿಂದ, ಸೆಮಿಸ್ಟರಿಗೊಂದು ಧರ್ಮಾಧ್ಯಯನದ ಕೋರ್ಸು ಹೆಚ್ಚಿನ ಹಣವಿಲ್ಲದೆ ಸೇರಿಕೊಂಡಿತು. ಮನಃಶಾಸ್ತ್ರದಲ್ಲಿ ತಪ್ಪಿದ ಸೀಟನ್ನು ಬೇಸಿಗೆಯಲ್ಲಿ ತುಂಬಿಕೊಳ್ಳಲು ಹೋದರೆ ಪ್ರತಿ ಕ್ರೆಡಿಟ್ಟಿಗೂ ಬೇರೆಯಾಗಿ ಕಟ್ಟಬೇಕು.

ಮನಃಶಾಸ್ತ್ರದಲ್ಲೇ ಮುಂದೆ ಓದುವವರಿಗೆ ನನ್ನ ಆಯ್ಕೆ ಸಲ್ಲದು. ಅವರಿಗೆ ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಹೇಗೂ ಬೇಕು. ವೈದ್ಯಕೀಯಕ್ಕೆ ಹೋಗುವವರಿಗೂ ಕನಿಷ್ಠ ಪರಿಚಯ ಕೋರ್ಸು ಉಪಯುಕ್ತ; ಇಲ್ಲಿನ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟಿನಲ್ಲಿ 2015ರಿಂದ ಮನಃಶಾಸ್ತ್ರ, ಸಮಾಜಶಾಸ್ತ್ರಗಳ ಒಂದು ಭಾಗವೇ ಇದೆ. ಮೈನರ್ ಮುಗಿಸಿ ಕೌನ್ಸೆಲಿಂಗ್ ಮಾಡುತ್ತೇನೆಂದು ಯಾರಾದರೂ ಅಂದುಕೊಂಡಿದ್ದರೆ, ಅದರ ಪರವಾನಗಿಗೆ ಇಲ್ಲಿ ಕನಿಷ್ಠ ಸ್ನಾತಕೋತ್ತರ ಪದವಿ ಬೇಕು.